ಪಿಕಪ್ ಲಿಫ್ಟ್: ಎಷ್ಟು ಇಂಚು ಅನ್ನುವುದನ್ನು ಕೊನೆಗೆ ಕೇಳಿ

ಪಿಕಪ್ ತೆಗೆದುಕೊಂಡ ಕೆಲವೇ ತಿಂಗಳಿಗೆ "ಎಷ್ಟು ಇಂಚು ಎತ್ತಿಸಲಿ?" ಅನ್ನುವ ಪ್ರಶ್ನೆ ಬರುತ್ತದೆ. ಲಿಫ್ಟ್ ಅಂದರೆ ಗಾಡಿಯನ್ನು ಇದ್ದದ್ದಕ್ಕಿಂತ ಎತ್ತರ ಮಾಡಿಸುವುದು. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಟೈರ್ ಹಾಕುತ್ತೀರಿ? ಗಾಡಿ ಮೇಲೆ ದಿನಾ ಎಷ್ಟು ಭಾರ ಇರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಇಂಚಿನ ಲೆಕ್ಕ ತಾನಾಗಿಯೇ ಬರುತ್ತದೆ. ಉತ್ತರ ಇಲ್ಲದೆ ಇಂಚು ಆರಿಸಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೂ ಹಾಗೇ ಶುರು ಮಾಡಿದವನು.

ನನ್ನದು ಫೋಟೊ ನೋಡಿ ಮಾಡಿದ ಆಯ್ಕೆ. ಮುಂದೆ ಸ್ಟ್ರಟ್ (ಸ್ಪ್ರಿಂಗ್ ಸುತ್ತಿದ ಶಾಕ್) ತಲೆ ಮೇಲೆ ಸ್ಪೇಸರ್ ಎಂಬ ಒಂದು ದಪ್ಪ ಬಿಲ್ಲೆ, ಹಿಂದೆ ಬ್ಲಾಕ್ ಎಂಬ ಗಟ್ಟಿ ತುಂಡು. ಮೂರು ಇಂಚು ಎದ್ದಿತು, ಒಂದು ಮಧ್ಯಾಹ್ನದ ಕೆಲಸ. ನೋಡೋಕೆ ಸಖತ್ತಾಗಿತ್ತು, ಸುಳ್ಳು ಹೇಳಲ್ಲ. ಐದು ತಿಂಗಳಾದ ಮೇಲೆ ಒಂದು ದಿನ ಗಾಡಿ ತೊಳೆಯುವಾಗ ಮುಂದಿನ ಎಡ ರಿಮ್‌ನ ಒಳಬದಿಯಲ್ಲಿ ಕಪ್ಪು ಗ್ರೀಸು ಚಕ್ರಾಕಾರವಾಗಿ ಚಿಮ್ಮಿದ್ದು ಕಂಡಿತು. ಕೈ ಹಾಕಿ ನೋಡಿದರೆ ಆಕ್ಸಲ್‌ನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟು ಮಡಿಕೆ ಮಡಿಕೆಯಲ್ಲೇ ಉಜ್ಜಿ ಸೀಳಿತ್ತು. ಒಳಗೆ ಗ್ರೀಸಿನ ಜೊತೆ ಮರಳು. ಆಮೇಲೆ ಎಲ್ಲ ಬಿಚ್ಚಿಸಿ ಹೊಸದಾಗಿ ಮಾಡಿಸಿದೆ. ಎರಡು ಸಲ ಕೆಲಸ, ಎರಡು ಸಲ ಖರ್ಚು. ಮುಂದೆ ಹೇಳುವುದರಲ್ಲಿ ಅರ್ಧ ಆ ಎರಡನೇ ಸಲ ಕಲಿತದ್ದು.

ಮೊದಲು ಒಂದು ತಪ್ಪು ಕಲ್ಪನೆ

ಲಿಫ್ಟ್ ಮಾಡಿಸಿದರೆ ಗ್ರೌಂಡ್ ಕ್ಲಿಯರೆನ್ಸ್ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಸ್ಪ್ರಿಂಗ್ ಎತ್ತಿದರೆ ಚಾಸಿ ಏಳುತ್ತದೆ, ಅದರ ಜೊತೆ ಹೊಟ್ಟೆ, ಬಂಪರು, ಫುಟ್‌ಬೋರ್ಡ್ ಎಲ್ಲ ಏಳುತ್ತವೆ. ದಿಬ್ಬದ ನೆತ್ತಿ ದಾಟುವಾಗ, ಹಳ್ಳದಿಂದ ಮೇಲೆ ಹತ್ತುವಾಗ ಅದರ ಲಾಭ ಸಿಗುತ್ತದೆ. ಆದರೆ ಹಿಂದಿನ ಹೌಸಿಂಗ್ ಇದೆಯಲ್ಲ, ಎರಡು ಚಕ್ರ ಸೇರಿಸುವ ಗಟ್ಟಿ ಕೊಳವೆ, ನಡುವೆ ಗುಂಡಗೆ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಇಟ್ಟುಕೊಂಡಿರುವುದು, ಅದು ಇದ್ದ ಜಾಗದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಒಂದೇ. ಟೈರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು ಹೌಸಿಂಗ್ ಏಳುತ್ತದೆ.

ಲೆಕ್ಕ ಹಾಕಿ ನೋಡೋಣ. 265/65 ಆರ್17 ಟೈರಿನ ಎತ್ತರ ಸುಮಾರು 776 ಮಿಲಿಮೀಟರ್. 265ರ ನೂರಕ್ಕೆ 65 ಭಾಗ ತೆಗೆದು, ಎರಡರಿಂದ ಗುಣಿಸಿ, 17 ಇಂಚು ರಿಮ್‌ನ 432 ಮಿಲಿಮೀಟರ್ ಕೂಡಿಸಿದರೆ ಅಷ್ಟು ಬರುತ್ತದೆ. 285/70 ಆರ್17 ಹಾಕಿದರೆ 831. ವ್ಯತ್ಯಾಸ 55. ಅಂದರೆ ಹೌಸಿಂಗ್ ಕೆಳಗೆ ನಿಮಗೆ ಸಿಕ್ಕಿದ್ದು 27 ಮಿಲಿಮೀಟರ್, ಒಂದು ಇಂಚಿಗೆ ತುಸು ಜಾಸ್ತಿ. ಜೊತೆಗೆ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇಕಡ 7ರಷ್ಟು ಜೋರಾಗಿ ಓಡುತ್ತಿರುತ್ತದೆ. ಓಡೋಮೀಟರ್ ಮಾತ್ರ ಕಿಲೋಮೀಟರ್ ಕಡಿಮೆ ತೋರಿಸುತ್ತದೆ, ಹಾಗಾಗಿ ಮೈಲೇಜ್ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನಿಜವಾಗಿಯೂ ಸ್ವಲ್ಪ ಕೆಡುತ್ತದೆ, ಅದು ಬೇರೆ ಮಾತು. ಟೈರ್ ದೊಡ್ಡದಾದಷ್ಟೂ ಗೇರ್ ಉದ್ದ ಆದ ಹಾಗೆ ಅನ್ನಿಸುತ್ತದೆ, ಏರಿನಲ್ಲಿ ಒಂದು ಗೇರ್ ಕೆಳಗೆ ಇಳಿಸಬೇಕಾಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ದೊಡ್ಡ ಟೈರ್ ಉಜ್ಜುತ್ತದೆ, ಲಿಫ್ಟ್ ಮಾಡಿದರೆ ಉಜ್ಜಲ್ಲ ಅಂತ ಹೇಳುತ್ತಾರೆ. ಗಾಡಿ ನಿಂತಾಗ ಉಜ್ಜಲ್ಲ, ಸರಿ. ಆದರೆ ದೊಡ್ಡ ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು. ಅದನ್ನು ಬದಲಿಸದಿದ್ದರೆ ಚಕ್ರ ಮೊದಲು ಎಲ್ಲಿಗೆ ಹೋಗುತ್ತಿತ್ತೋ ಈಗಲೂ ಅಲ್ಲಿಗೇ ಹೋಗುತ್ತದೆ, ಮಡ್‌ಗಾರ್ಡ್ ಒಳಗೆ ಬಡಿಯುತ್ತದೆ. ಹೊರಕ್ಕೆ ಚಾಚಿದ ರಿಮ್ ಹಾಕಿದ್ದರೆ ಇನ್ನೂ ಕಷ್ಟ, ಸ್ಟೇರಿಂಗ್ ತಿರುಗಿಸಿದಾಗ ಟೈರಿನ ಮೂಲೆ ದೊಡ್ಡ ವೃತ್ತ ಹೊಡೆಯುತ್ತದೆ. ಟೈರ್ ಕೊಳ್ಳುವ ಮುಂಚೆ ಅದೇ ಗಾಡಿಗೆ ಅದೇ ಸೈಜ್ ಹಾಕಿಸಿದವರನ್ನು ಹುಡುಕಿ, ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ತೋರಿಸಲು ಹೇಳಿ. ಸಮತಟ್ಟು ನೆಲದ ಮೇಲೆ ಎಲ್ಲ ಟೈರೂ ಹಿಡಿಸುತ್ತದೆ.

ಯಾವುದರಿಂದ ಎತ್ತುತ್ತೀರಿ?

ಬಾಡಿ ಲಿಫ್ಟ್ ಬಗ್ಗೆ ಒಂದೇ ಮಾತು: ಅದು ಚಾಸಿ ಮತ್ತು ಬಾಡಿ ನಡುವೆ ಬ್ಲಾಕ್ ಇಟ್ಟು ಬಾಡಿ ಮಾತ್ರ ಎತ್ತುವುದು, ಸಸ್ಪೆನ್ಷನ್‌ಗೂ ಅದಕ್ಕೂ ಸಂಬಂಧ ಇಲ್ಲ, ಹೊಟ್ಟೆ ಏಳುವುದಿಲ್ಲ, ಟೈರಿಗೆ ಜಾಗ ಸಿಗುತ್ತದೆ ಅಷ್ಟೆ.

ಇನ್ನು ಸಸ್ಪೆನ್ಷನ್. ಹೈಲಕ್ಸ್, ಡಿ-ಮ್ಯಾಕ್ಸ್ ತರದ ಪಿಕಪ್‌ಗಳಲ್ಲಿ ಮುಂದೆ ಎರಡೂ ಚಕ್ರ ಬೇರೆ ಬೇರೆ ಆಡುತ್ತವೆ: ಮೇಲೊಂದು ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು), ಕೆಳಗೊಂದು ಆರ್ಮ್, ನಡುವೆ ಕಾಯಿಲ್ ಸುತ್ತಿದ ಸ್ಟ್ರಟ್. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿಗಳ ಕಟ್ಟು. ಮುಂದಿನದನ್ನು ಎತ್ತುವುದೇ ಸೂಕ್ಷ್ಮದ ಕೆಲಸ. ಅದನ್ನು ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕೆಂದರೆ ಮಾರುವವರು ಇದನ್ನು ಹೇಳುವುದೇ ಇಲ್ಲ.

ಸ್ಟ್ರಟ್‌ನ ತಲೆ ಮೇಲೆ ಕೂರಿಸುವ ಸ್ಪೇಸರ್ ಅತಿ ಅಗ್ಗ. ಅದು ಇಡೀ ಸ್ಟ್ರಟ್ ಅನ್ನು ಕೆಳಗೆ ತಳ್ಳುತ್ತದೆ. ಸ್ಟ್ರಟ್‌ನ ಬುಡ ಆರ್ಮ್‌ನ ನಡುವೆ ಎಲ್ಲೋ ಕೂತಿರುವುದರಿಂದ ಒಂದು ಇಂಚು ಸ್ಪೇಸರ್ ಇಟ್ಟರೆ ಚಕ್ರದ ಬಳಿ ಹತ್ತಿರ ಹತ್ತಿರ ಎರಡು ಇಂಚು ಎದ್ದ ಹಾಗೆ. ಅದಕ್ಕೇ ಕಿಟ್ ಡಬ್ಬ ಬಿಚ್ಚಿದಾಗ ಸ್ಪೇಸರ್ ಇಷ್ಟೇ ಇಷ್ಟಾ ಅಂತ ಅನ್ನಿಸುವುದು. ತೊಂದರೆ ಎಲ್ಲಿ ಅಂದರೆ, ಚಕ್ರ ಗಾಳಿಯಲ್ಲಿ ನೇತಾಡಿದಾಗ ಮೊದಲು ಎಲ್ಲಿ ನಿಲ್ಲುತ್ತಿತ್ತೋ ಈಗ ಅದಕ್ಕಿಂತ ಇನ್ನೂ ಕೆಳಗೆ ಹೋಗುತ್ತದೆ. ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ ಎಂಬ ಗುಂಡು ಕೀಲು ಕೊನೆವರೆಗೆ ಬಾಗುತ್ತದೆ, ಆಕ್ಸಲ್‌ನ ಕೋನ ಕಡಿದಾಗುತ್ತದೆ, ಬೂಟಿನ ಮಡಿಕೆಗಳು ಒಂದನ್ನೊಂದು ತಿನ್ನುತ್ತವೆ. ನನ್ನ ರಿಮ್ ಒಳಗಿನ ಗ್ರೀಸು ಅಲ್ಲಿಂದಲೇ ಬಂದದ್ದು.

ಎರಡನೇ ದಾರಿ ಸ್ಪ್ರಿಂಗ್ ಬದಲಿಸುವುದು, ಅಥವಾ ಸ್ಪ್ರಿಂಗ್ ಸೀಟನ್ನು ಮೇಲಕ್ಕೆ ತರುವುದು. ಇಲ್ಲಿ ಸ್ಟ್ರಟ್‌ನ ಉದ್ದ ಅಷ್ಟೇ ಇರುತ್ತದೆ, ನೇತಾಡುವ ಮಿತಿಯೂ ಅಷ್ಟೇ. ಆದರೆ ಗಾಡಿ ನಿಂತ ಎತ್ತರ ಆ ಮಿತಿಗೆ ಹತ್ತಿರ ಬಂದಿರುತ್ತದೆ. ಜಾಸ್ತಿ ಎತ್ತಿದರೆ ಹಂಪ್ ದಾಟಿ ಇಳಿದ ತಕ್ಷಣ ಮುಂದಿನಿಂದ "ಟಕ್" ಅನ್ನುತ್ತದೆ. ಸ್ಟ್ರಟ್ ಪೂರ್ತಿ ಉದ್ದ ಆಗಿ ತನ್ನ ತುದಿಗೆ ತಾನೇ ಬಡಿಯುವ ಸದ್ದು ಅದು. ಹೊಸ ಉದ್ದನೆ ಶಾಕ್, ಅದಕ್ಕೆ ಹೊಂದುವ ಸ್ಪ್ರಿಂಗ್, ಎರಡೂ ಒಂದೇ ಸೆಟ್‌ನಲ್ಲಿ ಬಂದರೆ ಒಳ್ಳೆಯದು. ನಾನು ಎರಡನೇ ಸಲ ಹಾಕಿಸಿದ್ದು ಅದನ್ನೇ, ಮೂರರ ಬದಲು ಎರಡು ಇಂಚಿಗೆ ಇಳಿಸಿ.

ಎರಡು, ಎರಡೂವರೆ ಇಂಚು ದಾಟಿದರೆ ಮೇಲಿನ ಆರ್ಮ್ ಬದಲಿಸುವುದನ್ನು ಖರ್ಚಿನಲ್ಲಿ ಸೇರಿಸಿಕೊಳ್ಳಿ. ಡಿಫ್ ಡ್ರಾಪ್ ಅಂತ ಒಂದು ಕಿಟ್ ಬರುತ್ತದೆ, ಮುಂದಿನ ಡಿಫರೆನ್ಷಿಯಲ್ಲನ್ನು ಸ್ವಲ್ಪ ಕೆಳಗಿಳಿಸಿ ಆಕ್ಸಲ್ ಕೋನ ಸರಿ ಮಾಡುತ್ತದೆ. ನಾಲ್ಕು, ಆರು ಇಂಚಿನ ಕಿಟ್‌ಗಳಲ್ಲಿ ಮುಂದಿನ ಅಡ್ಡಪಟ್ಟಿಗಳನ್ನೇ ಕತ್ತರಿಸಿ ಕೆಳಗೆ ಹೊಸ ಬ್ರ್ಯಾಕೆಟ್ ಕೂರಿಸುತ್ತಾರೆ. ಮುಂದಿನ ಡಿಫರೆನ್ಷಿಯಲ್ ಮತ್ತೆ ಕೆಳಗೇ ಬರುತ್ತದೆ. ಅಂದರೆ ಅಷ್ಟು ಎತ್ತಿಯೂ ಮುಂದೆ ನೆಲದಿಂದ ಸಿಕ್ಕ ಲಾಭ ಟೈರಿನದು ಮಾತ್ರ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು. ಇಷ್ಟವಾದರೆ ಮಾಡಿಸಿ, ತಪ್ಪಿಲ್ಲ, ಆದರೆ ಕಲ್ಲುಬಂಡೆ ಹತ್ತೋಕೆ ಬೇಕು ಅನ್ನುವ ನೆಪ ಬೇಡ.

ಜೀಪ್ ಗ್ಲ್ಯಾಡಿಯೇಟರ್ ತರ ಮುಂದೆಯೂ ಗಟ್ಟಿ ಹೌಸಿಂಗ್ ಇರುವ ಗಾಡಿ ಆದರೆ ಕಥೆ ಬೇರೆ. ಎತ್ತುವುದು ಸುಲಭ, ಆದರೆ ಟ್ರ್ಯಾಕ್ ಬಾರ್ (ಹೌಸಿಂಗನ್ನು ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಸರಳು) ಓರೆಯಾಗುತ್ತದೆ, ಇಡೀ ಹೌಸಿಂಗ್ ಒಂದು ಪಕ್ಕಕ್ಕೆ ಸರಿಯುತ್ತದೆ, ಸ್ಟೇರಿಂಗ್ ಸೊಟ್ಟ ಕೂರುತ್ತದೆ. ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಬೇಕು. ಅದರ ಬೋಲ್ಟ್ ಸಡಿಲ ಬಿಟ್ಟರೆ, ಅದರ ಕೀಲಿನ ರಬ್ಬರ್ ಬುಷ್ ಸವೆದಿದ್ದರೆ, ಒಂದು ವೇಗದಲ್ಲಿ ಸಣ್ಣ ಗುಂಡಿ ಸಿಕ್ಕಿದರೂ ಸಾಕು, ಮುಂದಿನ ಚಕ್ರಗಳು ಹುಚ್ಚು ಹಿಡಿದ ಹಾಗೆ ಅಲ್ಲಾಡುತ್ತವೆ. ಒಂದು ಸಲ ಅನುಭವಿಸಿದರೆ ಮರೆಯಲ್ಲ.

ಹಿಂದಿನ ಪಟ್ಟಿ ಮತ್ತು ಭಾರದ ಲೆಕ್ಕ

ಹಿಂದೆ ನಾಲ್ಕು ದಾರಿ ಇವೆ. ಹೌಸಿಂಗ್ ಮತ್ತು ಪಟ್ಟಿ ನಡುವೆ ಬ್ಲಾಕ್ ಇಡುವುದು. ಇರುವ ಕಟ್ಟಿಗೆ ಒಂದು ಪಟ್ಟಿ ಸೇರಿಸುವುದು. ಉದ್ದನೆ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕುವುದು, ಇದರಲ್ಲಿ ಶ್ಯಾಕಲ್ ಎರಡು ಇಂಚು ಉದ್ದ ಆದರೆ ಗಾಡಿ ಏಳುವುದು ಒಂದೇ ಇಂಚು. ಇಲ್ಲ ಪೂರ್ತಿ ಕಟ್ಟನ್ನೇ ಬದಲಿಸುವುದು.

ಬ್ಲಾಕ್ ಸಣ್ಣದಾಗಿದ್ದರೆ ಪರವಾಗಿಲ್ಲ, ಖಾಲಿ ಗಾಡಿಯ ಸವಾರಿ ಕೆಡುವುದಿಲ್ಲ. ಎತ್ತರ ಜಾಸ್ತಿಯಾದರೆ ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಹೌಸಿಂಗ್ ತಿರುಚಿಕೊಂಡು ಪಟ್ಟಿಯನ್ನು ಎಸ್ ಆಕಾರಕ್ಕೆ ಬಾಗಿಸುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು ಬೇಡವೇ ಬೇಡ. ಮುಂದಿನ ಹೌಸಿಂಗ್‌ಗೆ ಲೀಫ್ ಇದ್ದರೆ ಅಲ್ಲಿ ಬ್ಲಾಕ್ ಯಾವತ್ತೂ ಹಾಕಬೇಡಿ, ಬ್ರೇಕ್ ಹೊಡೆದಾಗಿನ ತಿರುಚು ಅಲ್ಲಿ ಭಯಂಕರ. ಮತ್ತೆ ಪಟ್ಟಿಯನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಆಗಬೇಕು. ಹಳೆಯದು ಬಿಗಿ ಮಾಡಿದಾಗ ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಹಿಡಿತ ಕೊಡಲ್ಲ.

ಸ್ಪ್ರಿಂಗ್ ಆರಿಸುವಾಗ ಆಸೆಗೆ ತಕ್ಕ ಹಾಗೆ ಆರಿಸಬೇಡಿ, ಭಾರಕ್ಕೆ ತಕ್ಕ ಹಾಗೆ ಆರಿಸಿ. ಗಾಡಿಯನ್ನು ತೂಕದ ಸೇತುವೆಗೆ ಒಯ್ಯಿರಿ. ದಿನಾ ಇರುವ ಸಾಮಾನು ಇಟ್ಟು, ಟ್ಯಾಂಕ್ ತುಂಬಿಸಿ, ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು. ಕಳೆದರೆ ಹಿಂದಿನದು ಸಿಗುತ್ತದೆ. ಉಕ್ಕಿನ ಬಂಪರ್ ಮತ್ತು ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ) ಸೇರಿದರೆ ಮುಂದೆ 80 ಕೆಜಿ ಸುಲಭವಾಗಿ ದಾಟುತ್ತದೆ. ಆ ಭಾರ ಇರುವವರಿಗೆ ಗಟ್ಟಿ ಸ್ಪ್ರಿಂಗ್ ಬೇಕು. ಇಲ್ಲದವರು ಅದನ್ನೇ ಹಾಕಿಸಿಕೊಂಡರೆ ಗಾಡಿ ಹೇಳಿದ್ದಕ್ಕಿಂತ ಜಾಸ್ತಿ ಎದ್ದು ನಿಲ್ಲುತ್ತದೆ, ಪ್ರತಿ ಕಲ್ಲಿಗೂ ಸೊಂಟಕ್ಕೆ ಗುದ್ದುತ್ತದೆ. ಹಿಂದೆಯೂ ಹಾಗೇ. ವರ್ಷಕ್ಕೆ ನಾಲ್ಕು ಸಲ 400 ಕೆಜಿ ಹೇರುವವರು ದಿನಾ 400 ಕೆಜಿಯ ಪಟ್ಟಿ ಹಾಕಿಸುವುದು ದಡ್ಡತನ. ಅಂಥವರಿಗೆ ನಡು ಗಾತ್ರದ ಪಟ್ಟಿ, ಅದಕ್ಕೆ ಆಸರೆಯಾಗಿ ಬೇಕಾದಾಗ ಗಾಳಿ ತುಂಬುವ ಏರ್ ಬ್ಯಾಗ್ ಸಾಕು. ಒಂದು ಮಾತು ನೆನಪಿರಲಿ: ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಗಾಡಿಗೆ ಬರೆದಿರುವ ಗರಿಷ್ಠ ಭಾರದ ಮಿತಿ ಹೆಚ್ಚುವುದಿಲ್ಲ. ಚಾಸಿ, ಹೌಸಿಂಗ್, ಬ್ರೇಕು ಹಳೆಯವೇ ಅಲ್ವಾ.

ಹಿಂಭಾಗ ತುಸು ಎತ್ತರ ಇರುವುದು ಕಂಪನಿಯವರ ತಪ್ಪಲ್ಲ. ಭಾರ ಹೇರಿದಾಗ ಸಮ ಆಗಲಿ ಅಂತ ಹಾಗೆ ಬಿಟ್ಟಿರುತ್ತಾರೆ. ಚಂದಕ್ಕೆ ಮುಂದಿನದನ್ನು ಎತ್ತಿ ಸಮ ಮಾಡಿದರೆ ಸಾಮಾನು ಹೇರಿದ ದಿನ ಗಾಡಿ ಮೂಗು ಮೇಲೆ ಮಾಡಿಕೊಂಡು ಓಡುತ್ತದೆ.

ಕೆಲಸದ ದಿನ

ಗಾಡಿ ಕೊಡುವ ಮುಂಚೆ ನಾಲ್ಕೂ ಚಕ್ರದ ನಡು ಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಕಡಿಮೆ ಇದ್ದರೆ ಲೆಕ್ಕ ತಪ್ಪುತ್ತದೆ. ಆ ನಾಲ್ಕು ಸಂಖ್ಯೆ ಇದ್ದರೆ ಮುಂದೆ ಯಾವ ಸ್ಪ್ರಿಂಗ್ ಕುಸಿದಿದೆ, ಯಾವ ಪಕ್ಕ ವಾಲಿದೆ ಅನ್ನುವುದಕ್ಕೆ ವಾದ ಬೇಕಿಲ್ಲ.

ನೀವೇ ಮಾಡುವುದಾದರೆ ಪಟ್ಟಿ ಬದಲಿಸುವುದು ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಆಗುತ್ತದೆ. ಕಾಯಿಲ್ ಸ್ಪ್ರಿಂಗ್ ಅದುಮುವ ಕೆಲಸ ಮಾತ್ರ ಒಳ್ಳೆ ಪ್ರೆಸ್ ಇರುವ ಗ್ಯಾರೇಜಿಗೆ ಬಿಡಿ. ಅದುಮಿದ ಸ್ಪ್ರಿಂಗ್ ಜಾರಿದರೆ ಜೀವಕ್ಕೇ ಅಪಾಯ.

ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಒಂದೇ ಒಂದು ವಿಷಯ ಹೇಳಿ ಅಂದರೆ ನಾನು ಹೇಳುವುದು ಬುಷ್ ಬೋಲ್ಟ್. ಆರ್ಮ್‌ನ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿರುತ್ತದೆ, ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಗ್ಯಾರೇಜಿನ ಎತ್ತುವ ಯಂತ್ರದ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಮೇಲೆ ಆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಬೇಗ ಸೀಳುತ್ತದೆ, ಎತ್ತರವನ್ನೂ ಸುಳ್ಳು ತೋರಿಸುತ್ತದೆ. ಬೋಲ್ಟ್ ಸಡಿಲ ಬಿಟ್ಟು, ಗಾಡಿ ಇಳಿಸಿ, ಬಂಪರ್ ಹಿಡಿದು ಎರಡು ಸಲ ಕುಲುಕಿಸಿ, ಚಕ್ರದ ಮೇಲೆ ಭಾರ ಕೂತ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಲೀಫ್‌ನ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗೂ ಇದೇ ನಿಯಮ. ಅವಸರದಲ್ಲಿ ಎಷ್ಟೋ ಕಡೆ ಇದನ್ನು ಮಾಡುವುದಿಲ್ಲ.

ಆಮೇಲೆ ಕೆಳಗೆ ಬಗ್ಗಿ ನೋಡಿ. ಚಕ್ರ ನೇತಾಡುವಾಗ ಬ್ರೇಕ್ ಪೈಪು ಬಿಗಿಯಾಗಿ ಎಳೆದುಕೊಂಡಿದೆಯಾ, ಎಬಿಎಸ್ ವೈರ್ ಎಲ್ಲಾದರೂ ತಂತಿ ತರ ನಿಂತಿದೆಯಾ, ಹ್ಯಾಂಡ್‌ಬ್ರೇಕ್ ಕೇಬಲ್, ಹೌಸಿಂಗ್ ಗಾಳಿ ಪೈಪು ಸಡಿಲ ಇದೆಯಾ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಹಿಂದೆ ಎಷ್ಟು ಭಾರ ಇದೆ ಅಂತ ಅದು ಎತ್ತರ ನೋಡಿ ತಿಳಿದು ಹಿಂದಿನ ಬ್ರೇಕಿನ ಒತ್ತಡ ಹೊಂದಿಸುತ್ತದೆ. ಗಾಡಿ ಎತ್ತಿದರೆ ಹಿಂದೆ ಏನೂ ಇಲ್ಲ ಅಂತ ಅದು ಅಂದುಕೊಂಡು ಬ್ರೇಕ್ ಕಡಿಮೆ ಕೊಡುತ್ತದೆ. ಎತ್ತಿದಷ್ಟೇ ಆ ಕಡ್ಡಿಯ ಬ್ರ್ಯಾಕೆಟ್ಟನ್ನೂ ಹೊಂದಿಸಬೇಕು. ಇದನ್ನು ಕೇಳಿದಾಗ ಮೆಕ್ಯಾನಿಕ್ ಮುಖ ಮುಖ ನೋಡಿದರೆ ಬೇರೆ ಗ್ಯಾರೇಜ್ ಹುಡುಕಿ.

ವೀಲ್ ಅಲೈನ್‌ಮೆಂಟ್ ಅದೇ ದಿನ ಆಗಬೇಕು. ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ) ಮಾತ್ರ ಸರಿ ಮಾಡಿ ಕಳಿಸುತ್ತಾರೆ, ಕ್ಯಾಸ್ಟರ್ ಎಷ್ಟು ಅಂತ ಕೇಳಿ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರುತ್ತದಲ್ಲ, ಅದೇ ಓರೆ ಇದು, ಗಾಡಿ ನೇರ ಓಡಲಿಕ್ಕೆ ಅದೇ ಕಾರಣ. ಮುಂದೆ ಎತ್ತಿದರೆ ಅದು ಕಡಿಮೆಯಾಗುತ್ತದೆ, ಹೈವೇಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಹಳೆ ಆರ್ಮ್‌ನಲ್ಲಿ ಸಾಕಷ್ಟು ಹೊಂದಿಸಲಾಗದಿದ್ದರೆ ಹೊಸ ಮೇಲಿನ ಆರ್ಮ್ ಹಾಕುವುದೇ ದಾರಿ.

ಹೆಡ್‌ಲೈಟ್ ಮರೆಯಬೇಡಿ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಮೂರು ಮೀಟರ್ ಇರುವ ಗಾಡಿಯಲ್ಲಿ ಮುಂದೆ ಮಾತ್ರ 50 ಮಿಲಿಮೀಟರ್ ಏರಿಸಿದರೆ 10 ಮೀಟರ್ ದೂರದಲ್ಲಿ ಬೆಳಕು 16-17 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಎದುರಿನವನ ಕಣ್ಣಿಗೆ ನೇರ. ಅವನು ಬೈದುಕೊಳ್ಳುತ್ತಾ ಹೈಬೀಮ್ ಹೊಡೆಯುತ್ತಾನೆ, ನಮಗೆ ಯಾಕೆ ಅಂತ ಗೊತ್ತಾಗಲ್ಲ. ಗಾಜಿನ ಹಿಂದೆ ಕ್ಯಾಮೆರಾ, ಬಂಪರಿನಲ್ಲಿ ರೇಡಾರ್ ಇರುವ ಹೊಸ ಗಾಡಿಗಳಾದರೆ ಅವುಗಳನ್ನೂ ಮತ್ತೆ ಹೊಂದಿಸಬೇಕು. ನೋಂದಣಿ ನಿಯಮ, ವಿಮೆ, ವಾರಂಟಿ ಮೂರನ್ನೂ ಬೋಲ್ಟ್ ಬಿಚ್ಚುವ ಮುಂಚೆ ವಿಚಾರಿಸಿ. ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಅಪಘಾತ ಆದ ಮೇಲೆ ಹೇಳಿದರೆ ಅದು ನೆಪದ ತರ ಕೇಳಿಸುತ್ತದೆ.

ಆಮೇಲಿನ ಬದುಕು

ಮೊದಲ ವಾರ ನಿಧಾನಕ್ಕೆ ಓಡಿಸಿ. ಭಾರದ ಕೇಂದ್ರ ಮೇಲೆ ಹೋಗಿದೆ, ತಿರುವಿನಲ್ಲಿ ಗಾಡಿ ಮೊದಲಿಗಿಂತ ವಾಲುತ್ತದೆ, ಬ್ರೇಕ್ ಹೊಡೆದಾಗ ಮೂಗು ಜಾಸ್ತಿ ಬಗ್ಗುತ್ತದೆ, ಅಡ್ಡಗಾಳಿ ತಳ್ಳುತ್ತದೆ. ದೊಡ್ಡ ಟೈರ್ ಭಾರವೂ ಹೌದು, ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕು. ಹಠಾತ್ತನೆ ಸ್ಟೇರಿಂಗ್ ಎಳೆಯುವ ಹಳೆ ಅಭ್ಯಾಸ ಇದ್ದರೆ ಬಿಡಿ.

500ರಿಂದ 1,000 ಕಿಲೋಮೀಟರ್ ಒಳಗೆ ಎಲ್ಲ ಬೋಲ್ಟ್ ಮತ್ತೊಮ್ಮೆ ಟಾರ್ಕ್ ನೋಡಿಸಬೇಕು, ಯು ಬೋಲ್ಟ್ ಅಂತೂ ಖಂಡಿತ. ಹೊಸ ಪಟ್ಟಿ ಆ ಹೊತ್ತಿಗೆ ಸ್ವಲ್ಪ ಕೂತಿರುತ್ತದೆ. ನಾನು ಪ್ರತಿ ನಟ್ ಮೇಲೆ ಬಿಳಿ ಪೇಂಟಿನಿಂದ ಒಂದು ಗೆರೆ ಎಳೆದಿದ್ದೇನೆ, ನಟ್‌ನಿಂದ ಪ್ಲೇಟಿಗೆ ನೇರವಾಗಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಅರ್ಥ. ಟಾರ್ಚ್ ಹಿಡಿದು ಬಗ್ಗಿದರೆ ಎರಡು ನಿಮಿಷದ ಕೆಲಸ.

ಸದ್ದುಗಳನ್ನು ಕಲಿತುಕೊಳ್ಳಿ. ನಿಂತಲ್ಲಿಂದ ಹೊರಡುವಾಗ 20-30ರ ವೇಗದಲ್ಲಿ ಸೀಟಿನ ಕೆಳಗೆ ಗುಡುಗುಡು ಅಂದು ಆಮೇಲೆ ನಿಂತರೆ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಎರಡು ತುಂಡಿನ ಜಾಯಿಂಟ್ ಶಾಫ್ಟಿನ ಕೋನ ಕೆಟ್ಟಿದೆ. ನಡುವಿನ ಬೇರಿಂಗನ್ನು ವಾಷರ್ ಕೊಟ್ಟು ಸ್ವಲ್ಪ ಇಳಿಸಿದರೆ ಬಹಳ ಸಲ ಹೋಗುತ್ತದೆ. ವೇಗ ಏರಿದಷ್ಟೂ ಏರುವ ನಡುಕ ಆದರೆ ಮೊದಲು ಟೈರ್ ಬ್ಯಾಲೆನ್ಸ್ ನೋಡಿ, ಆಮೇಲೆ ಶಾಫ್ಟ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್ ಹೋಗುತ್ತಿದೆ. ಆ ಹಂತಕ್ಕೆ ಬರುವ ಮುಂಚೆಯೇ ತಿಂಗಳಿಗೊಮ್ಮೆ ಬೂಟಿನ ಮಡಿಕೆ ಬಿಡಿಸಿ ಬೆರಳಾಡಿಸಿ ನೋಡಿ, ಬರೀ ಗ್ರೀಸು ಒಸರುವಾಗಲೇ ಹಿಡಿದರೆ ಬೂಟು ಮಾತ್ರ ಬದಲಿಸಿ ಮುಗಿಸಬಹುದು.

ಸಣ್ಣ ಪುಟ್ಟ ಕಿರಿಕಿರಿ ಇದ್ದೇ ಇದೆ. ಮುಚ್ಚಿದ ಪಾರ್ಕಿಂಗ್‌ಗೆ ನುಗ್ಗುವ ಮುಂಚೆ ಗಾಡಿಯ ಹೊಸ ಎತ್ತರ ಗೊತ್ತಿರಲಿ, ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಟ್ರೇಲರ್ ಎಳೆಯುವವರಿಗೆ ಕೊಂಡಿ ಕೆಳಗಿಳಿಸುವ ತುಂಡು ಬೇಕು, ಇಲ್ಲದಿದ್ದರೆ ಟ್ರೇಲರ್ ಮೂತಿ ಎತ್ತಿಕೊಂಡು ಬರುತ್ತದೆ. ವಯಸ್ಸಾದವರಿಗೆ, ಮಕ್ಕಳಿಗೆ ಹತ್ತೋದು ಕಷ್ಟ. ನಾನು ಯೋಚನೆಯೇ ಮಾಡಿರದ ಕಷ್ಟ ಸಾಮಾನು ಹೇರುವ ಹಿಂದಿನ ಡಾಲಾದ್ದು. ಮೊದಲು ಸೊಂಟದ ಮಟ್ಟಕ್ಕೆ ಇದ್ದದ್ದು ಈಗ ಅದಕ್ಕಿಂತ ಮೇಲೆ ಬಂದಿದೆ, 30 ಕೆಜಿಯ ಮೂಟೆ ಒಬ್ಬನೇ ಎತ್ತಿ ಹಾಕುತ್ತಿದ್ದವನು ಈಗ ಇನ್ನೊಬ್ಬನನ್ನು ಕರೆಯುತ್ತೇನೆ. ಎರಡು ಇಂಚಿಗೆ ಇಳಿಸಿದ ಮೇಲೂ.

ತೆಗೆದ ಹಳೆ ಸ್ಪ್ರಿಂಗ್, ಶಾಕ್, ಪಟ್ಟಿಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಎಡ, ಬಲ ಅಂತ ಪೇಂಟಿನಲ್ಲಿ ಬರೆದು, ಬೋಲ್ಟುಗಳನ್ನು ಡಬ್ಬದಲ್ಲಿ ಹಾಕಿ ಮನೆಯ ಮೂಲೆಯಲ್ಲಿ ಇಡಿ. ಗಾಡಿ ಮಾರುವಾಗ ಅರ್ಧ ಜನ ಮೊದಲು ಕೇಳುವುದೇ ಅದನ್ನು.